ಕಂಬಕ್ಕೆ ಕಟ್ಟಿದ ವಿಮಾನ

ಹಾರುವ ಆಸೆಯನ್ನು ದೇವರು ಎಲ್ಲರಿಗೂ ಹಂಚಿದ. ರೆಕ್ಕೆಯನ್ನು ಮಾತ್ರ ಹಕ್ಕಿಗಳಿಗೆ ಕೊಟ್ಟ. ಮಿಕ್ಕವರೆಲ್ಲ ಬಂದು ಬಾಗಿಲಲ್ಲಿ ಜಗಳ ತೆಗೆದಾಗ, 'ಹೋಗಲಿ, ಇದನ್ನಾದರೂ ತಗೊಳ್ಳಿ' ಎಂದು ಒಂದೊಂದು ಡಬ್ಬಿ ಅಂಟು ಕೊಟ್ಟು ಕಳಿಸಿದ. ಹೆಚ್ಚಿನವರು ಆ ಡಬ್ಬಿಯನ್ನು ಎಲ್ಲೋ ಇಟ್ಟು ಮರೆತರು. ಮರೆಯದೆ ಉಳಿದವನು ನಮ್ಮ ಅಂಟಣ್ಣ.

ಅಂಟಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವನು ವಾಸವಿದ್ದ ಮೂರು ಮಹಡಿ ಕಟ್ಟಡದವರು ಇಟ್ಟದ್ದು. ಅವನ ಹತ್ತು ಬೆರಳುಗಳಲ್ಲಿ ಎರಡಾದರೂ ಯಾವಾಗಲೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತಿದ್ದವು. ಒಮ್ಮೆ ಕಚೇರಿಯಲ್ಲಿ ಮೇಲಧಿಕಾರಿಯ ಕೈ ಕುಲುಕಲು ಹೋಗಿ, ಇಬ್ಬರೂ ಮಧ್ಯಾಹ್ನದವರೆಗೆ ಜೊತೆಯಾಗಿಯೇ ಓಡಾಡಬೇಕಾಯಿತು. ಅಷ್ಟು ಹತ್ತಿರದ ಸಂಬಂಧ ಆ ಕಚೇರಿಯಲ್ಲಿ ಅವನಿಗೆ ಮುಂದೆಂದೂ ಒದಗಲಿಲ್ಲ. ಪಾರ್ಸೆಲ್ ಕಚೇರಿ ಅದು. ತೂಕದ ಕೌಂಟರಿನಲ್ಲಿ ಅವನ ಕುರ್ಚಿ.

ಅವನು ಕಟ್ಟುತ್ತಿದ್ದದ್ದು ತಂತಿ ವಿಮಾನ. ಬಾಗಿಲಿನಷ್ಟು ಅಗಲದ ರೆಕ್ಕೆ, ಬೆಂಡಿನಷ್ಟು ಹಗುರವಾದ ಬಾಲ್ಸಾ ಮರದ ಮೈ, ಅದರ ಮೇಲೆ ತೆಳು ಕಾಗದದ ಹೊದಿಕೆ, ಮೂತಿಯಲ್ಲಿ ಮುಷ್ಟಿಗಾತ್ರದ ಎಂಜಿನ್. ಎಡ ರೆಕ್ಕೆಯ ತುದಿಯಿಂದ ಎರಡು ಸಣ್ಣ ಉಕ್ಕಿನ ತಂತಿಗಳು ಹೊರಟು, ಐವತ್ತು ಅಡಿ ಆಚೆ ನಿಂತವನ ಕೈಯಲ್ಲಿರುವ ಹಿಡಿಗೆ ಸೇರುತ್ತವೆ. ಹಿಡಿಯನ್ನು ಮೇಲಕ್ಕೆ ಬಾಗಿಸಿದರೆ ಏರುತ್ತದೆ, ಕೆಳಕ್ಕೆ ಬಾಗಿಸಿದರೆ ಇಳಿಯುತ್ತದೆ. ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಅವನ ಸುತ್ತಲೇ ಸುತ್ತುತ್ತದೆ. ಗೂಟವೂ ಅದರ ಜೊತೆ ನಿಂತಲ್ಲೇ ತಿರುಗಬೇಕು, ಅಷ್ಟೇ ವ್ಯತ್ಯಾಸ. ನಿಲ್ಲಿಸಲು ಗುಂಡಿಯಿಲ್ಲ, ಕೀಲಿಯಿಲ್ಲ. ಎಣ್ಣೆ ಮುಗಿದಾಗ ತಾನಾಗಿ ನಿಂತೀತು.

"ಎಲ್ಲಿಗೂ ಹೋಗದೇ ಇರೋ ವಿಮಾನ ಯಾಕ್ರೀ ಬೇಕು?" ಎಂದು ಹೆಂಡತಿ ಕೇಳಿದ್ದಳು.

"ಮನೆ ಬಿಟ್ಟು ಹೋಗೋ ಗುಣ ಇಲ್ಲ ಕಣೇ ಅದಕ್ಕೆ. ನನ್ನ ಹಾಗೆ."

"ಹೋದ್ರೆ ತಾನೇ ಅದರ ಬೆಲೆನೂ ಗೊತ್ತಾಗೋದು, ನಿಮ್ಮ ಬೆಲೆನೂ ಗೊತ್ತಾಗೋದು."

ಆಕೆ ಶಾಲೆಯಲ್ಲಿ ಗಣಿತದ ಟೀಚರು. ಲೆಕ್ಕ ತಪ್ಪುವುದಿಲ್ಲ. ವಿಮಾನ ಇದುವರೆಗೆ ಹನ್ನೊಂದು ಸಲ ಬಿದ್ದಿದೆ ಎಂಬ ಲೆಕ್ಕವೂ ಆಕೆಯದೇ.

ಮೊದಲ ಸಲ ಮೂತಿ ಮುರಿಯಿತು. ಅಂಟಣ್ಣ ಮೂತಿಯ ಎರಡೂ ಕಡೆಗೆ ಪ್ಲೈವುಡ್ ಅಂಟಿಸಿದ. ಎರಡನೆಯ ಸಲ ಮೂತಿ ಕಲ್ಲಿನ ಹಾಗೆ ನಿಂತಿತು, ಅದರ ಹಿಂದೆ ಮುರಿಯಿತು. ಅಲ್ಲಿಗೆ ಬಿದಿರಿನ ಸೀಳು ಕೊಟ್ಟ. ಮೂರನೆಯ ಸಲ ಬಿದಿರು ಮುಗಿದಲ್ಲಿ ಮುರಿಯಿತು. ಅಲ್ಲಿಗೆ ಗಾಯಕ್ಕೆ ಸುತ್ತುವ ಗಾಜ್ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಸುತ್ತಿದ. ರಿಪೇರಿ ಎಂದರೆ ಮುರಿತವನ್ನು ಪಕ್ಕದ ಮನೆಗೆ ಸಾಗಹಾಕುವುದು ಎಂಬ ಸತ್ಯ ಅವನಿಗೆ ಐದನೆಯ ಸಲಕ್ಕೆ ಹೊಳೆಯಿತು. ಹೊಳೆದ ಮೇಲೂ ಅವನು ನಿಲ್ಲಿಸಲಿಲ್ಲ. ಹನ್ನೊಂದು ರಿಪೇರಿಯಾಗುವ ಹೊತ್ತಿಗೆ ಮೊದಲು ಕಟ್ಟಿದ ವಿಮಾನದಲ್ಲಿ ಉಳಿದದ್ದು ಎಡಗಡೆಯ ಚಕ್ರ ಒಂದೇ. ಮೈ ಹೋದರೂ ಆತ್ಮ ಉಳಿಯುತ್ತದೆ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಈ ವಿಮಾನದ ಆತ್ಮ ಎಡಚಕ್ರದಲ್ಲಿತ್ತು.

ಆತ್ಮಕ್ಕೆ ತೂಕವಿಲ್ಲ, ಅಂಟಿಗೆ ಇದೆ. ಆರುನೂರು ಗ್ರಾಂ ಇದ್ದ ವಿಮಾನ ಕಚೇರಿಯ ತಕ್ಕಡಿಯಲ್ಲಿ ಒಂದು ಕಿಲೋ ಇನ್ನೂರು ತೂಗಿತು. ಹಾರಿಸುವ ಮೊದಲು ಅದರ ತಂತಿಗಳನ್ನು ವಿಮಾನದ ತೂಕದ ಹತ್ತುಪಟ್ಟು ಭಾರದಲ್ಲಿ ಜಗ್ಗಿ ನೋಡಬೇಕೆಂಬುದು ಈ ಕಸುಬಿನ ಕಟ್ಟುಪಾಡು. ತಂತಿ ಸೇರುವ ತ್ರಿಕೋನದ ತಟ್ಟೆ ಹೊಟ್ಟೆಯೊಳಗಿರುತ್ತದೆ. ಹಾರುವಾಗ ಅದು ಕಿತ್ತುಬಂದರೆ, ಹಿಡಿ ನಿಮ್ಮ ಕೈಯಲ್ಲಿ, ವಿಮಾನ ಯಾರ ಮನೆಯಲ್ಲೋ.

ಶುಕ್ರವಾರ ಸಂಜೆ ಅಂಟಣ್ಣ ಆ ಪರೀಕ್ಷೆಗೆ ಕೂತ. ವಿಮಾನವನ್ನು ಅಡುಗೆಮನೆಯ ಕಪಾಟಿನ ಹಿಡಿಕೆಗೆ ಕಟ್ಟಿ ಜಗ್ಗಿದ. ಹಿಡಿಕೆ ಬಂತು. ಬಚ್ಚಲಿನ ಬಾಗಿಲ ಚಿಲಕಕ್ಕೆ ಕಟ್ಟಿದ. ಚಿಲಕ ಬಂತು. ಕಿಟಕಿಯ ಕಡೆ ತಿರುಗಿದಾಗ ಹೆಂಡತಿ ಲಟ್ಟಣಿಗೆ ಹಿಡಿದು ಅಡ್ಡ ನಿಂತಳು.

"ಈ ಮನೇಲಿ ಗಟ್ಟಿಯಾಗಿರೋದು ನಾನೊಬ್ಬಳೇ. ನನಗೆ ಕಟ್ಟಬೇಡಿ. ಕೆಳಗೆ ಹೋಗಿ, ಮೆಟ್ಟಿಲ ಹತ್ರ ಕಂಬ ಇದೆ."

ಕೆಳಗೆ ಕಂಬವಿತ್ತು, ಇಡೀ ಕಟ್ಟಡದ ಭಾರ ಹೊತ್ತು ಯಾರಿಂದಲೂ ಒಂದು ಒಳ್ಳೆಯ ಮಾತು ಕೇಳದೆ. ವಿಮಾನದ ಮೈ ತರಚದಿರಲೆಂದು ಅಂಟಣ್ಣ ಅದನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಕಂಬದ ಆಚೆಬದಿಗೆ ಇಟ್ಟು, ಕಂಬಳಿಯ ಸಮೇತ ಕಂಬಕ್ಕೆ ಬಿಗಿದ. ತಂತಿಗಳಿಗೆ ಕಚೇರಿಯ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಗೋಡೆಗೆ ಒಂದು ಕಾಲು ಕೊಟ್ಟು, ಹಿಂದಕ್ಕೆ ವಾಲಿ ಜಗ್ಗತೊಡಗಿದ.

ನೆಲಮಹಡಿಯ ಟೇಲರು ಕತ್ತಿಗೆ ಅಳತೆಪಟ್ಟಿ ಹಾಕಿಕೊಂಡೇ ಹೊರಗೆ ಬಂದ. ಅವನಿಗೆ ಕಂಡದ್ದು ಇಷ್ಟು: ಕಂಬಕ್ಕೆ ಕಂಬಳಿಯ ಪಟ್ಟಿ, ಅದರಿಂದ ಹೊರಟ ಎರಡು ತಂತಿ, ತಂತಿಯ ತುದಿಯಲ್ಲಿ ಸರ್ಕಾರಿ ತಕ್ಕಡಿ, ತಕ್ಕಡಿಯ ತುದಿಯಲ್ಲಿ ಕೆಂಪಗಾದ ಅಂಟಣ್ಣ.

"ಏನ್ ಸಾರ್ ಇದು?"

"ಹನ್ನೆರಡು ಕಿಲೋ ತಡೀಬೇಕು ಟೇಲರಣ್ಣ! ಒಳಗೆ ಎರಡು ಕಡೆ ಬಿರುಕು ಬಿಟ್ಟಿತ್ತು. ಬಟ್ಟೆ ಸುತ್ತಿ ಅಂಟು ಹಾಕಿದೀನಿ."

"ಅಯ್ಯೋ! ತಡೀದೇ ಹೋದ್ರೆ?"

"ಇನ್ನೇನು, ಪುಡಿಪುಡಿ. ಆವಾಗ ಕೆಳಗೆ ಯಾರಿರ್ತಾರೋ ಅವರ ಹಣೆಬರಹ."

"ಯಾವಾಗ ಗೊತ್ತಾಗತ್ತೆ ಸಾರ್?"

"ಭಾನುವಾರ ಬೆಳಿಗ್ಗೆ," ಎಂದ ಅಂಟಣ್ಣ, ಹಲ್ಲು ಕಚ್ಚಿ. "ಎಂಟು ಗಂಟೆಗೆ."

ವಿಮಾನ ಎಂಬ ಮಾತು ಅವನ ಬಾಯಿಗೆ ಬರಲಿಲ್ಲ. ಮುಚ್ಚಿಡಬೇಕೆಂದಲ್ಲ. ಅವನ ಪಾಲಿಗೆ ಲೋಕದಲ್ಲಿ ಬಿರುಕು ಬಿಡುವ ವಸ್ತು ಅದೊಂದೇ. ಬೇರೆ ಯಾವುದನ್ನಾದರೂ ಯಾರಾದರೂ ಯೋಚಿಸಿಯಾರು ಎಂದು ಅವನಿಗೆ ಹೊಳೆಯಲೇ ಇಲ್ಲ. ಮುಳ್ಳು ಹನ್ನೆರಡು ಮುಟ್ಟಿತು. ತಟ್ಟೆ ಅಲುಗಲಿಲ್ಲ. ವಿಮಾನವನ್ನು ಕಂಬಳಿಯಿಂದ ಮೆಲ್ಲಗೆ ಹೊರಕ್ಕೆ ಜಾರಿಸಿಕೊಂಡ. ಗಂಟಿಗೆ ಬೆರಳಿನ ಅಂಟು ತಗುಲಿ ಕಲ್ಲಾಗಿತ್ತು, ಬಿಚ್ಚಲು ಬರಲಿಲ್ಲ. ಕಂಬಳಿಯನ್ನು ಅಲ್ಲೇ ಬಿಟ್ಟು ಹಾಡಿಕೊಳ್ಳುತ್ತ ಮೇಲೆ ಹೋದ. ಅಷ್ಟರಲ್ಲಿ ಟೇಲರು ಅಂಗಡಿ ಬಾಗಿಲು ಎಳೆದುಕೊಂಡು ಸುದ್ದಿ ಹಂಚಲು ಹೊರಟಾಗಿತ್ತು.

ಸುದ್ದಿಗೆ ಮೆಟ್ಟಿಲು ಹತ್ತಿದರೆ ದಣಿವಿಲ್ಲ. ಮೇಲೆ ಹೋದಂತೆ ಮೈ ತುಂಬಿಕೊಳ್ಳುತ್ತದೆ. ಮೊದಲ ಮಹಡಿಯಲ್ಲಿ, 'ತೂಕದ ಇಲಾಖೆಯವರು ಕಂಬ ಪರೀಕ್ಷೆ ಮಾಡಿದ್ದಾರೆ' ಎಂದಿತ್ತು. ಎರಡನೆಯದರಲ್ಲಿ, 'ಹನ್ನೆರಡು ಕಿಲೋಗೇ ಅಲ್ಲಾಡಿತಂತೆ.' ಮೂರನೆಯದನ್ನು ತಲುಪುವಾಗ, 'ಕಟ್ಟಡದಲ್ಲಿ ಹನ್ನೆರಡು ಟನ್ ಹೆಚ್ಚಿಗೆ ಭಾರ ಇದೆಯಂತೆ, ಭಾನುವಾರ ಎಂಟು ಗಂಟೆಗೆ ಬೀಳತ್ತಂತೆ.' ಮೂರನೆಯ ಮಹಡಿಯ ಅಜ್ಜಿ ಕೂಡಲೇ ಅಳಿಯನನ್ನು ಕರೆದಳು.

"ನೋಡಪ್ಪ, ನೀನು ಒಂದಷ್ಟು ದಿನ ನಿಮ್ಮಣ್ಣನ ಮನೆಗೆ ಹೋಗಿ ಇದ್ದು ಬಾ. ಕಟ್ಟಡಕ್ಕೆ ಒಳ್ಳೇದು."

"ಅತ್ತೆ, ನಾನು ಅರವತ್ತು ಕಿಲೋನೂ ಇಲ್ಲ."

"ತೂಕದ ಮಾತಲ್ಲಪ್ಪ. ಭಾರದ ಮಾತು."

ಶನಿವಾರ ಬೆಳಿಗ್ಗೆ ನಿವಾಸಿಗಳ ಸಂಘದ ಸೆಕ್ರೆಟರಿ ಕಂಬದ ಮುಂದೆ ಹಾಜರಾದರು. ಅವರದು ಉಗ್ರಾಣದಲ್ಲಿ ಸಾಮಾನು ಎಣಿಸಿ ನಿವೃತ್ತಿಯಾದ ಜೀವ. ಎಣಿಸಲು ಈಗ ಮನುಷ್ಯರ ತಪ್ಪುಗಳಲ್ಲದೆ ಬೇರೇನೂ ಉಳಿದಿರಲಿಲ್ಲ. ಯಾರೋ ಕಂಬಳಿ ಬಿಚ್ಚಲು ಕೈ ಹಾಕಿದರು.

"ಮುಟ್ಟಬೇಡಿ!" ಎಂದು ಸೆಕ್ರೆಟರಿ ಕಿರುಚಿದರು. "ಅದೇ ಹಿಡ್ಕೊಂಡಿರೋದು!"

ನಗರಸಭೆಯ ಇಂಜಿನಿಯರ್ ಬಂದರು. ಕೀಲಿಗೊಂಚಲಿನಿಂದ ಕಂಬವನ್ನು ತಟ್ಟಿದರು, ಕಿವಿಯಿಟ್ಟು ಕೇಳಿದರು, ಕಣ್ಣು ಮುಚ್ಚಿ ಯೋಚಿಸಿದರು.

"ಬೀಳತ್ತಾ ಸಾರ್?"

"ಬೀಳತ್ತೆ ಅಂತ ನಾನು ಹೇಳಲ್ಲ."

"ಹಾಗಾದ್ರೆ ಬೀಳಲ್ಲ."

"ಬೀಳಲ್ಲ ಅಂತಾನೂ ನಾನು ಹೇಳಲ್ಲ."

ಮೂವತ್ತು ವರ್ಷದ ನೌಕರಿಯಲ್ಲಿ ಅವರು ಹೇಳಿದ್ದೆಲ್ಲ ಇಷ್ಟೇ, ಅದಕ್ಕೇ ಅವರ ಮೇಲೆ ಒಂದು ದೂರೂ ಇರಲಿಲ್ಲ.

ಮಧ್ಯಾಹ್ನ ಕಚೇರಿಯಿಂದ ಅಂಟಣ್ಣ ಮರಳಿದಾಗ ಅಂಗಳದ ತುಂಬ ಮಂಚ, ಕಪಾಟು, ಹಾಸಿಗೆ ಸುರುಳಿ. ಒಂದು ಮಂಚದ ಮೇಲೆ ಮೂರನೆಯ ಮಹಡಿಯ ಅಜ್ಜಿ ಆರಾಮವಾಗಿ ಕೂತಿದ್ದಳು.

"ಏನಾಯ್ತಜ್ಜಿ?"

"ಕಟ್ಟಡ ಬೀಳತ್ತಂತೆ ಕಣಪ್ಪ. ನಾಳೆ ಎಂಟಕ್ಕೆ."

ಅಂಟಣ್ಣ ಎರಡೆರಡು ಮೆಟ್ಟಿಲು ಹಾರಿ ಮನೆಗೆ ನುಗ್ಗಿದ, ವಿಮಾನವನ್ನು ತಬ್ಬಿಕೊಂಡ, ಕೆಳಗೆ ಓಡಿ ಬಂದು ಉಸಿರು ಬಿಟ್ಟ. ಹಿಂದೆಯೇ ಹೆಂಡತಿ ನಿಧಾನವಾಗಿ ಇಳಿದು ಬಂದಳು.

"ನಾನೂ ಒಳಗೇ ಇದ್ದೆ. ಹಾಗೇ ಸುಮ್ನೆ ಹೇಳ್ತಿದೀನಿ."

"ಅಲ್ವೇ, ನಿನಗೆ ಕಾಲಿದೆ..." ಎಂದವನು ಮಾತು ತಪ್ಪಿಸಲು, ವಿಮಾನವನ್ನು ಕಂಕುಳಿಗೆ ಸೇರಿಸಿಕೊಂಡು, ಟೇಲರನ ಹೊಲಿಗೆ ಮಿಷನ್ನಿಗೆ ಒಂದು ಕೈಕೊಟ್ಟ. ಅವನೂ ಟೇಲರೂ ಹೊತ್ತು ತಂದು ಅಂಗಳದಲ್ಲಿ ಇಳಿಸಿದರು. ಅಂಟಣ್ಣ ಬೆವರು ಒರೆಸಿಕೊಂಡ.

"ಸದ್ಯ, ಮೊದಲೇ ಗೊತ್ತಾಯ್ತಲ್ಲ ಟೇಲರಣ್ಣ. ಕಂಬ ಪರೀಕ್ಷೆ ಮಾಡಿದ ಪುಣ್ಯಾತ್ಮ ಯಾರು?"

ಟೇಲರು ಅವನನ್ನೇ ನೋಡಿದ. "ನೀವೇ ಸಾರ್."

ಅಂಟಣ್ಣ ಕಂಬಳಿಯನ್ನು ನೋಡಿದ, ಕಂಕುಳಲ್ಲಿದ್ದ ವಿಮಾನವನ್ನು ನೋಡಿದ. ಬುದ್ಧಿಗೆ ಎಲ್ಲವೂ ಒಂದೊಂದಾಗಿ ಅಂಟಿಕೊಂಡಿತು.

"ಅಯ್ಯೋ, ನಾನು ಜಗ್ಗಿದ್ದು ಕಂಬ ಅಲ್ಲ ಕಣ್ರೀ! ಇದನ್ನ! ಬಿರುಕು ಬಿಟ್ಟಿದ್ದು ಇದು, ಬಟ್ಟೆ ಸುತ್ತಿದ್ದು ಇದಕ್ಕೆ!"

ನಿಜ ಹೇಳಿದರೆ ಜನ ಸಮಾಧಾನಪಡುತ್ತಾರೆ ಎಂದು ತಿಳಿದವನು ಯಾವತ್ತೂ ಒಂದು ಕಪಾಟನ್ನು ಮೂರು ಮಹಡಿ ಇಳಿಸಿದವನಲ್ಲ. ಮಂಚ ಹೊತ್ತವರಿಗೆ ಸಿಟ್ಟು ಬಂತು. ಅಜ್ಜಿಯ ಅಳಿಯ ಬಟ್ಟೆ ತುಂಬಿದ ಪೆಟ್ಟಿಗೆ ಹಿಡಿದು ಆಸೆಯಿಂದ ಮುಂದೆ ಬಂದ.

"ನೀನಿರಪ್ಪ, ಇನ್ನೂ ತೀರ್ಮಾನ ಆಗಿಲ್ಲ," ಎಂದು ಅಜ್ಜಿ ತಡೆದಳು.

ಸೆಕ್ರೆಟರಿಗೆ ಮಾತ್ರ ಸಿಟ್ಟಿನೊಳಗೊಂದು ಸಂತೋಷ. ನಾಲ್ಕನೆಯ ಸಲ ಬಿದ್ದಾಗ ಇದೇ ವಿಮಾನ ಅವರ ಬಟ್ಟೆ ಒಣಗಿಸುವ ಹಗ್ಗ ಕತ್ತರಿಸಿ, ಅವರ ಒಳ್ಳೆಯ ಅಂಗಿಯೊಂದನ್ನು ತೊಟ್ಟುಕೊಂಡು ಚರಂಡಿಗೆ ಇಳಿದಿತ್ತು. ಅವರು ಒಳಗೆ ಹೋಗಿ, ತೆಳುವಾದ ಒಳ್ಳೆಯ ಕಾಗದದ ಮೇಲೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದು ತಂದು, ಎಲ್ಲರ ಮುಂದೆ ಓದಿದರು:

"'ಈ ಮೂಲಕ ಬರೆದುಕೊಡುವುದೇನೆಂದರೆ, ಇನ್ನು ಮುಂದೆ ನಾನು ವಿಮಾನ ಕಟ್ಟುವುದಿಲ್ಲ, ರಿಪೇರಿ ಮಾಡುವುದಿಲ್ಲ, ಹಾರಿಸುವುದಿಲ್ಲ.' ಹಾಕ್ರೀ ಸಹಿ."

ಕಚೇರಿಯಲ್ಲಿ ಕುರ್ಚಿ ಜರುಗಿಸಿ ಎಂದರೂ 'ಆಗಲಿ ಸಾರ್' ಎನ್ನುವವನು ಅಂಟಣ್ಣ. ಬಸ್ಸಿನಲ್ಲಿ ಕಾಲು ತುಳಿದವರ ಕ್ಷಮೆ ತಾನೇ ಕೇಳುವವನು. ಅಂಥವನು ಕಾಗದವನ್ನು ನೋಡಿ ಹೇಳಿದ:

"ಕಂಬಕ್ಕೆ ಕಟ್ಟಿದ್ದು ತಪ್ಪು, ಒಪ್ಪಿದೆ. ಇವರ ಸಾಮಾನೆಲ್ಲ ನಾನೇ ಮೇಲೆ ಹೊತ್ತು ಇಡ್ತೀನಿ. ಸಹಿ ಹಾಕಲ್ಲ."

"ಹಾಕಲ್ವಾ?"

"ಮೊದಲ ಎರಡು ಸಾಲಿಗೂ ಹಾಕಲ್ಲ, ಮೂರನೇದಕ್ಕಂತೂ ಹಾಕಲ್ಲ."

ಸೆಕ್ರೆಟರಿ ಹೆಂಡತಿಯ ಕಡೆ ತಿರುಗಿದರು. "ಟೀಚರಮ್ಮ, ನೀವಾದ್ರೂ ಬುದ್ಧಿ ಹೇಳಿ. ಇದರಿಂದ ಹೆಚ್ಚು ಅನುಭವಿಸಿರೋರು ನೀವು."

"ಅನುಭವಿಸಿದೀನಿ," ಎಂದಳು ಆಕೆ. "ಹಿಡಿಕೆ ಕಿತ್ತಿದಾರೆ, ಚಿಲಕ ಕಿತ್ತಿದಾರೆ, ನನ್ನ ಹಲ್ಲುಜ್ಜೋ ಬ್ರಷ್ಷಲ್ಲಿ ಅಂಟು ಬಳಿದಿದಾರೆ. ಆದ್ರೆ ಇವರನ್ನ ಬೈಯೋ ಕೆಲಸ ನನ್ನದು ಸಾರ್. ಅದನ್ನ ನಾನು ಸಂಘಕ್ಕೆ ಬಿಟ್ಟುಕೊಟ್ಟಿಲ್ಲ."

ಕೊನೆಗೆ ಎಲ್ಲರೆದುರು ಒಪ್ಪಂದವಾಯಿತು. ನಾಳೆ ಎಂಟು ಗಂಟೆಗೆ ಹಿಂದಿನ ಮೈದಾನದಲ್ಲಿ ವಿಮಾನ ಹಾರಬೇಕು. ಎಣ್ಣೆ ತುಂಬಿದ ಡಬ್ಬಿ ಖಾಲಿಯಾಗುವವರೆಗೆ ಬೀಳಬಾರದು. ಬಿದ್ದರೆ ಸಹಿ, ಹಾರಿದರೆ ಕಾಗದ ಅಂಟಣ್ಣನ ಪಾಲು.

"ಹನ್ನೊಂದು ಸಲ ಬಿದ್ದಿದ್ದು ಹನ್ನೆರಡನೇ ಸಲ ಹಾರತ್ತಾ?" ಎಂದು ಸೆಕ್ರೆಟರಿ ನಕ್ಕರು.

"ಹನ್ನೊಂದು ಸಲ ಬೀಳಬೇಕಾದ್ರೆ ಹನ್ನೊಂದು ಸಲ ಹಾರಿತ್ತು ಸಾರ್," ಎಂದಳು ಗಣಿತದ ಟೀಚರು.

ಭಾನುವಾರ ಎಂಟಕ್ಕೆ ಇಡೀ ಕಟ್ಟಡ ಮೈದಾನದಲ್ಲಿತ್ತು. ಕುರ್ಚಿಗಳು ಹೇಗೂ ಹೊರಗೇ ಇದ್ದವು. ಕಟ್ಟಡದ ಬಗ್ಗೆ ಇನ್ನೂ ಏನೂ ಹೇಳದ ಇಂಜಿನಿಯರ್ ಕೂಡ ಬಂದಿದ್ದರು. ಅಂಟಣ್ಣ ಸೀಮೆಎಣ್ಣೆ, ಹರಳೆಣ್ಣೆ, ಈಥರ್ ಬೆರೆಸಿದ ಎಣ್ಣೆ ತುಂಬಿ, ಬೆರಳಿನಿಂದ ಮೂತಿಯ ಪಂಖ ತಿರುವಿದ. ಎಂಜಿನ್ ಎರಡು ಸಲ ಸೀನಿ, ಮೂರನೆಯ ಸಲ ಭರ್ರೆಂದಿತು. ಹೆಂಡತಿ ವಿಮಾನವನ್ನು ಹಿಂದಿನಿಂದ ಒತ್ತಿ ಹಿಡಿದು ಕೂತಳು.

"ನಾನು ಎಡಗೈ ಎತ್ತಿದ ತಕ್ಷಣ ಬಿಡಬೇಕು. ಅಲ್ಲೀವರೆಗೆ ಬ್ರಹ್ಮ ಬಂದ್ರೂ ಬಿಡಬೇಡ."

"ಎಡಗೈ ಅಂದ್ರೆ ಬಿಡೋದು. ಗೊತ್ತಾಯ್ತು."

ಅಂಟಣ್ಣ ಐವತ್ತು ಅಡಿ ನಡೆದು ನಡುವೆ ನಿಂತು ಹಿಡಿ ಕೈಗೆತ್ತಿಕೊಂಡ. ಆಗಲೇ ಸೆಕ್ರೆಟರಿ ಕಾಗದ, ಪೆನ್ನು ಹಿಡಿದು ದಾಪುಗಾಲಿಟ್ಟು ನಡುವಿಗೆ ಬಂದರು.

"ಕೊನೇ ಸಲ ಹೇಳ್ತಿದೀನಿ. ಜನರ ಮುಂದೆ ಮಾನ ಕಳ್ಕೋಬೇಡ. ಇಲ್ಲೇ ಸಹಿ ಹಾಕು."

"ಬೇಡ ಸಾರ್, ಆಚೆ ಹೋಗಿ!" ಎಂದು ಅಂಟಣ್ಣ ಕೈ ಬೀಸಿದ.

ಬೀಸಿದ್ದು ಎಡಗೈ. ಬಲಗೈಯಲ್ಲಿ ಹಿಡಿ ಇತ್ತಲ್ಲ.

ಹೆಂಡತಿ ಬಿಟ್ಟಳು.

ಒಂದು ಕಿಲೋ ಇನ್ನೂರು ಗ್ರಾಂ ಹುಲ್ಲಿನ ಮೇಲೆ ಓಡತೊಡಗಿತು. ಕಾಲು ಸುತ್ತು ಹೋದರೂ ನೆಲ ಬಿಡಲಿಲ್ಲ. ಕೆರೆಯಿಂದೇಳಲು ಒಲ್ಲದ ಎಮ್ಮೆಯ ಹಾಗೆ ಮೂತಿ ಮಾತ್ರ ಎತ್ತುತ್ತಿತ್ತು. ಅರ್ಧ ಸುತ್ತು. ಪ್ಲೈವುಡ್ಡು, ಬಿದಿರು, ಗಾಜ್ ಬಟ್ಟೆ, ಹನ್ನೊಂದು ಸಲದ ಅಂಟು ಎಲ್ಲವೂ ಭೂಮಿಯನ್ನು ತಬ್ಬಿಕೊಂಡಿದ್ದವು. ಅಂಟಣ್ಣ ಹಿಡಿ ಬಾಗಿಸಿ, ಮನಸ್ಸಿನಲ್ಲಿ ದೇವರಿಗೆ ಒಂದು ಮಾತು ಹೇಳಿದ: 'ಅಂಟು ಕೊಟ್ಟವನು ನೀನು. ಭಾರವೂ ನಿಂದೇ.' ಎಡಚಕ್ರ ಹುಲ್ಲು ಬಿಟ್ಟಿತು. ವಿಮಾನ ಎದ್ದಿತು.

ತಂತಿಗಳು ಬಿಗಿದು ಹಾಡಿದವು, ಸೆಕ್ರೆಟರಿಯ ಕುತ್ತಿಗೆಯ ಮಟ್ಟದಲ್ಲಿ.

"ಎಲ್ಲಿಗೆ ಹೋಗ್ತೀರ! ಹೊರಗೆ ಹೋದ್ರೆ ವಿಮಾನ ಹೊಡೆಯತ್ತೆ!" ಎಂದ ಅಂಟಣ್ಣ. "ನನ್ನ ಸೊಂಟ ಹಿಡ್ಕೊಳ್ಳಿ! ನನ್ನ ಜೊತೇಲೇ ತಿರುಗಿ!"

ಸೆಕ್ರೆಟರಿ ತಬ್ಬಿಕೊಂಡರು. ಐದು ಸೆಕೆಂಡಿಗೊಂದು ಸುತ್ತು. ಅಂಟಣ್ಣನಿಗೆ ಅಭ್ಯಾಸವಿತ್ತು, ಅವನ ಕಣ್ಣು ವಿಮಾನದ ಮೇಲಿತ್ತು. ಸೆಕ್ರೆಟರಿ ಮಾತ್ರ ಟೇಲರು, ಅಜ್ಜಿ, ಇಂಜಿನಿಯರ್, ಕಟ್ಟಡ, ಮತ್ತೆ ಟೇಲರು, ಎಲ್ಲರನ್ನೂ ಸಮಭಾವದಿಂದ ನೋಡುತ್ತಿದ್ದರು.

"ನಿಲ್ಸೋ!"

"ನಿಲ್ಸೋಕೆ ಬರಲ್ಲ ಸಾರ್!"

"ಎಷ್ಟು ಹೊತ್ತೋ?"

"ಐದು ನಿಮಿಷ! ಎಣ್ಣೆ ಮುಗೀಬೇಕು!"

"ಸಹಿ ಬೇಡವೋ ಪುಣ್ಯಾತ್ಮ, ನಿಲ್ಸು!"

"ನೀವು ಬೇಡ ಅಂದ್ರೆ ನನಗೆ ಕೇಳತ್ತೆ ಸಾರ್, ಎಂಜಿನ್ನಿಗೆ ಕೇಳಲ್ಲ! ಕಾಲು ತುಳೀಬೇಡಿ!"

ಹೊರಗೆ ಅಜ್ಜಿ ಗಟ್ಟಿಯಾಗಿ ಎಣಿಸುತ್ತಿದ್ದಳು. ಇಪ್ಪತ್ತಕ್ಕೆ ಟೇಲರು ಚಪ್ಪಾಳೆ ತಟ್ಟಿದ. ನಲವತ್ತಕ್ಕೆ ನಿನ್ನೆ ಬೈದವರೆಲ್ಲ ಕುರ್ಚಿಯ ಮೇಲೆ ಹತ್ತಿ ನಿಂತರು. "ಐವತ್ತೆಂಟು!" ಎಂದಾಗ ಎಂಜಿನ್ ಕೆಮ್ಮಿ ಸುಮ್ಮನಾಯಿತು. ಸೆಕ್ರೆಟರಿ ದೇವರಿಗೂ ಒಂದೇ ಸಲಕ್ಕೆ ಅಷ್ಟು ಸುತ್ತು ಬಂದವರಲ್ಲ. ವಿಮಾನ ಮೌನವಾಗಿ ಜಾರಿ ಬಂದು, ನೆಲ ಮುಟ್ಟಿ, ಒಮ್ಮೆ ಕುಪ್ಪಳಿಸಿ, ಸ್ವಲ್ಪ ಓಡಿ ನಿಂತಿತು. ಕುಪ್ಪಳಿಸಿದ ಪೆಟ್ಟಿಗೆ ಎಡಚಕ್ರ ಕಳಚಿ ತನ್ನ ಪಾಡಿಗೆ ಉರುಳಿಹೋಯಿತು. ರೆಕ್ಕೆಯ ತುದಿ ಕಲ್ಲಿಗೆ ತಗುಲಿ ಅಂಗೈಯಗಲ ಕಾಗದ ಹರಿಯಿತು.

ಅಂಟಣ್ಣ ನಿಂತ. ಸೆಕ್ರೆಟರಿಯ ಲೋಕ ನಿಲ್ಲಲಿಲ್ಲ. ಅವರು ಸೊಂಟ ಬಿಟ್ಟು ನಾಲ್ಕು ಹೆಜ್ಜೆ ಪಕ್ಕಕ್ಕೆ ನಡೆದು, ಕಟ್ಟಡವನ್ನು ನೋಡಿ ಕೂಗಿದರು:

"ಓಡಿ! ವಾಲ್ತಿದೆ! ಕಟ್ಟಡ ವಾಲ್ತಿದೆ!"

ಒಬ್ಬರೂ ಓಡಲಿಲ್ಲ. ಎಲ್ಲರೂ ಇಂಜಿನಿಯರ್ ಕಡೆ ನೋಡಿದರು. ಇಂಜಿನಿಯರ್ ಕಟ್ಟಡವನ್ನು ನೋಡಿದರು, ಸೆಕ್ರೆಟರಿಯನ್ನು ನೋಡಿದರು, ಮತ್ತು ಮೂವತ್ತು ವರ್ಷದಲ್ಲಿ ಮೊದಲ ಸಲ ಒಂದು ನೇರವಾದ ಅಭಿಪ್ರಾಯ ಕೊಟ್ಟರು.

"ವಾಲ್ತಿರೋದು ಕಟ್ಟಡ ಅಲ್ಲ ಸಾರ್. ನೀವು."

ನಗು ಇಳಿಯಲು ಬಹಳ ಹೊತ್ತು ಹಿಡಿಯಿತು. ಅಜ್ಜಿ ನಗುನಗುತ್ತಲೇ ಅಳಿಯನಿಗೆ, "ಪೆಟ್ಟಿಗೆ ಒಳಗೆ ಇಡಪ್ಪ" ಎಂದಳು. ಹುಲ್ಲಿನ ಮೇಲೆ ಕೂತ ಸೆಕ್ರೆಟರಿ ಮಾತ್ರ ಸೋಲೊಪ್ಪುವ ಜಾತಿಯವರಲ್ಲ. ಆಕಾಶ ಒಂದು ಹದಕ್ಕೆ ಬಂದ ಕೂಡಲೇ ಮುದುರಿದ ಕಾಗದವನ್ನು ನೇವರಿಸಿ ಮುಂದೆ ಚಾಚಿದರು.

"ಚಕ್ರ ಬಿದ್ದಿದೆ. ರೆಕ್ಕೆ ಹರಿದಿದೆ. ಮುರಿದ ಹಾಗೇ. ಸಹಿ ಹಾಕು."

ಅಂಟಣ್ಣ ಕಾಗದ ತೆಗೆದುಕೊಂಡ. ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡಿದ. ಬೆಳಕಿಗೆ ಎತ್ತಿ ಹಿಡಿದ. ಅವನ ಮುಖದಲ್ಲಿ ನಿಜವಾದ ಗೌರವ ಮೂಡಿತು.

"ಒಳ್ಳೇ ಕಾಗದ ಸಾರ್. ತೆಳು ಇದೆ, ಎಳೆ ಗಟ್ಟಿ ಇದೆ. ಇಷ್ಟು ದಿನ ಎಲ್ಲಿ ಇಟ್ಟಿದ್ರಿ?"

ಹೆಂಡತಿ ಉರುಳಿಹೋದ ಚಕ್ರವನ್ನು ಹುಡುಕಿ ತಂದಿದ್ದಳು. ಕೈಚೀಲಕ್ಕೆ ಕೈ ಹಾಕಿ ಅಂಟಿನ ಡಬ್ಬಿ ತೆಗೆದಳು, ಜೊತೆಗೆ ತನ್ನ ಹಲ್ಲುಜ್ಜುವ ಬ್ರಷ್ಷನ್ನೂ. ಅಂಟಣ್ಣ ಮಂಡಿಯೂರಿ ಕೂತು ಚಕ್ರ ಸಿಕ್ಕಿಸಿದ, ಹರಿದ ಕಡೆ ಅಂಟು ಬಳಿದ, ಸೆಕ್ರೆಟರಿಯ ಕಾಗದವನ್ನು ಅದರ ಮೇಲೆ ಹಾಸಿ, ಸುಕ್ಕು ಬೀಳದ ಹಾಗೆ ಅಂಗೈಯಿಂದ ನೀವಿದ. ಬಿಸಿಲು ಚೆನ್ನಾಗಿತ್ತು. ಕಾಗದ ಒಣಗಿ ತಮಟೆಯ ಹಾಗೆ ಬಿಗಿಯಿತು.

"ಎಡಗೈ ಅಂದ್ರೆ ಬಿಡೋದು," ಎಂದಳು ಹೆಂಡತಿ, ವಿಮಾನ ಹಿಡಿದು ಕೂತು.

ಕಂಬದ ಕಂಬಳಿಯನ್ನು ಇವತ್ತಿಗೂ ಯಾರೂ ಬಿಚ್ಚಿಲ್ಲ. ಅದೇ ಹಿಡಿದುಕೊಂಡಿದೆಯೇನೋ ಎಂಬ ಅನುಮಾನ ಒಳಗೊಳಗೇ ಎಲ್ಲರಿಗೂ ಇದೆ. ಭಾನುವಾರ ಬೆಳಿಗ್ಗೆ ಆ ಮೈದಾನಕ್ಕೆ ಹೋದವರು ತಲೆಯೆತ್ತಿ ನೋಡಬಹುದು. 'ಇನ್ನು ಮುಂದೆ ನಾನು ವಿಮಾನ ಕಟ್ಟುವುದಿಲ್ಲ, ರಿಪೇರಿ ಮಾಡುವುದಿಲ್ಲ, ಹಾರಿಸುವುದಿಲ್ಲ' ಎಂಬ ಮಾತು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ, ರೆಕ್ಕೆಯ ತುದಿಯಲ್ಲಿ ಕೂತು, ಐದು ಸೆಕೆಂಡಿಗೊಂದು ಸುತ್ತು ಹಾಕುತ್ತಿರುತ್ತದೆ. ಕೆಳಗೆ ಸಹಿಯ ಜಾಗ ಖಾಲಿಯಿದೆ.